ವೀಬೊ: ಮಾತು ಅಡಗಿದ ಮೇಲೆ ಬೆಳೆದ ವ್ಯಾಪಾರ

2014ರ ಜನವರಿಯಲ್ಲಿ ಚೀನಾದ ಅಧಿಕೃತ ಇಂಟರ್‌ನೆಟ್ ಮಾಹಿತಿ ಕೇಂದ್ರವು ಹೊರತಂದ ವರದಿಯಲ್ಲಿ ಒಂದು ಅಂಕಿ ಎದ್ದು ಕಾಣುತ್ತಿತ್ತು. ದೇಶದಲ್ಲಿ ಕಿರು ಬ್ಲಾಗ್, ಅಂದರೆ ಟ್ವಿಟರಿನಂತೆ ಚುಟುಕು ಪೋಸ್ಟುಗಳನ್ನು ಬರೆದು ಹಂಚುವ ತಾಣ, ಬಳಸುವವರ ಸಂಖ್ಯೆ ಒಂದೇ ವರ್ಷದಲ್ಲಿ 2.78 ಕೋಟಿಯಷ್ಟು ಕುಸಿದು 28.1 ಕೋಟಿಗೆ ಇಳಿದಿತ್ತು. ಇದಾದ ಮೂರೇ ತಿಂಗಳಲ್ಲಿ, ಅಂದರೆ ಏಪ್ರಿಲ್ 17ರಂದು, ಆ ಕ್ಷೇತ್ರದ ಅತಿ ದೊಡ್ಡ ಕಂಪನಿಯಾದ ವೀಬೊ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನು ಪ್ರವೇಶಿಸಿತು. ತಲಾ 17 ಡಾಲರಿಗೆ ಮಾರಾಟವಾದ ಅದರ ಷೇರು ನಾಲ್ಕು ವರ್ಷ ಕಳೆಯುವುದರೊಳಗೆ 140 ಡಾಲರಿನ ಸಮೀಪಕ್ಕೆ ಏರಿತು. ಆದ್ದರಿಂದ ವೀಬೊ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬ ಪ್ರಶ್ನೆಗೆ ಪತ್ರಕರ್ತರು ಕೊಡುವ ಉತ್ತರವೂ ಹೂಡಿಕೆದಾರರು ಕೊಡುವ ಉತ್ತರವೂ ಒಂದೇ ಆಗಿರುವುದಿಲ್ಲ. ಸಾರ್ವಜನಿಕ ಚರ್ಚೆಯ ಜಾಗವಾಗಿ ಅದು 2013ರಲ್ಲೇ ಸೊರಗಿತು. ಲಾಭ ತರುವ ಉದ್ಯಮವಾಗಿ ಅದು ನಿಜವಾಗಿ ತಲೆಯೆತ್ತಿದ್ದು ಅದರ ನಂತರ. ಈ ಎರಡೂ ಸಂಗತಿಗಳಿಗೆ ನೇರವಾದ ಸಂಬಂಧವಿದೆ ಎಂಬುದು ಈ ಲೇಖನದ ವಾದ.

ಕಥೆ ವೀಬೊದಿಂದ ಆರಂಭವಾಗುವುದಿಲ್ಲ. 2007ರ ಮೇ ತಿಂಗಳಲ್ಲಿ ವಾಂಗ್ ಶಿಂಗ್ ಎಂಬ ತರುಣ ಉದ್ಯಮಿ ಟ್ವಿಟರಿನ ಮಾದರಿಯಲ್ಲಿ ಫಾನ್‌ಫೌ ಎಂಬ ಸೇವೆಯನ್ನು ಕಟ್ಟಿದ್ದರು. ಮುಂದೆ ಮೇಯ್ತುವಾನ್ ಎಂಬ ಬೃಹತ್ ಕಂಪನಿಯನ್ನು ಸ್ಥಾಪಿಸಿ ಶ್ರೀಮಂತರಾದವರೂ ಇವರೇ. 2009ರ ಜೂನ್ ತಿಂಗಳಲ್ಲಿ, ಬೀಜಿಂಗಿನಲ್ಲಿ ಪ್ರತಿಭಟನಕಾರರನ್ನು ಸೇನೆ ಹತ್ತಿಕ್ಕಿದ ತಿಯಾನನ್‌ಮೆನ್ ಘಟನೆಯ ಇಪ್ಪತ್ತನೆಯ ವರ್ಷಕ್ಕೆ ಎರಡು ದಿನ ಮುಂಚೆ, ಚೀನಾದಲ್ಲಿ ಟ್ವಿಟರ್ ನಿರ್ಬಂಧಕ್ಕೆ ಒಳಗಾಯಿತು. ಜುಲೈ 5ರಂದು ಶಿಂಜಿಯಾಂಗಿನ ಉರುಮ್ಚಿಯಲ್ಲಿ ಗಲಭೆ ಭುಗಿಲೆದ್ದಾಗ ಫೇಸ್‌ಬುಕ್ಕನ್ನೂ ತಡೆಯಲಾಯಿತು; ಅದೇ ಹೊತ್ತಿನಲ್ಲಿ ಫಾನ್‌ಫೌ ಮತ್ತು ಅದರ ಜೊತೆಯ ಸಣ್ಣಪುಟ್ಟ ದೇಶೀಯ ಸೇವೆಗಳ ಬಾಗಿಲೂ ಮುಚ್ಚಿತು. ಜನರಿಗೆ ಕಿರು ಬ್ಲಾಗಿನ ರುಚಿ ಹತ್ತಿತ್ತು, ಆದರೆ ಬರೆಯಲು ಜಾಗವೇ ಉಳಿದಿರಲಿಲ್ಲ. ಈ ಖಾಲಿ ಮೈದಾನಕ್ಕೆ 2009ರ ಆಗಸ್ಟ್ 14ರಂದು ಸಿನಾ ಕಂಪನಿ ತನ್ನ ವೀಬೊವನ್ನು ಇಳಿಸಿತು. ಫಾನ್‌ಫೌ 2010ರ ನವೆಂಬರಿನಲ್ಲಿ ಮರಳಿ ಬಂದಾಗ ಸಿನಾ ವೀಬೊಗೆ ಆಗಲೇ ಐದು ಕೋಟಿ ಬಳಕೆದಾರರಿದ್ದರು.

ಸಿನಾ ಯಾವ ಬಗೆಯ ಕಂಪನಿ ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದು ತಂತ್ರಜ್ಞರ ಕಂಪನಿ ಎನ್ನುವುದಕ್ಕಿಂತ ಸಂಪಾದಕರ ಕಂಪನಿ. 1998ರಿಂದ ಅದು ಚೀನಾದ ಪ್ರಮುಖ ಸುದ್ದಿ ಪೋರ್ಟಲ್ ನಡೆಸುತ್ತಿತ್ತು. ಯಾವ ಸುದ್ದಿಯನ್ನು ಮೇಲಿಡಬೇಕು, ಯಾವುದನ್ನು ಕೆಳಗಿಡಬೇಕು, ಯಾವುದನ್ನು ಸದ್ದಿಲ್ಲದೆ ತೆಗೆದುಹಾಕಬೇಕು ಎಂಬ ಕಲೆ ಅಲ್ಲಿನ ಸಿಬ್ಬಂದಿಗೆ ಕರಗತವಾಗಿತ್ತು. ಕಮ್ಯುನಿಸ್ಟ್ ಪಕ್ಷದ ಪ್ರಚಾರ ಇಲಾಖೆಯ ಸೂಚನೆಗಳನ್ನು ಪಾಲಿಸುವ ವ್ಯವಸ್ಥೆ ಮೊದಲಿನಿಂದಲೂ ಅದರೊಳಗಿತ್ತು. ಫಾನ್‌ಫೌನಂತಹ ಪುಟ್ಟ ಕಂಪನಿಗೆ ಇಲ್ಲದಿದ್ದದ್ದು ಇದೇ. ಸರ್ಕಾರದ ದೃಷ್ಟಿಯಲ್ಲಿ ಸಿನಾ ಪರಿಚಿತ ಮುಖ, ಕರೆದರೆ ಬರುವ ಕಂಪನಿ. ಅದರ ಮುಖ್ಯಸ್ಥ ಚಾರ್ಲ್ಸ್ ಚಾವ್ ಮತ್ತು ಮುಖ್ಯ ಸಂಪಾದಕ ಚೆನ್ ತೊಂಗ್ ಅವರಿಗೆ ಇನ್ನೊಂದು ಅನುಭವವೂ ಇತ್ತು. ಬ್ಲಾಗಿನ ಕಾಲದಲ್ಲಿ ನಟನಟಿಯರನ್ನೂ ಬರಹಗಾರರನ್ನೂ ಕರೆತಂದು ಬರೆಸಿ ಓದುಗರನ್ನು ಸೆಳೆದಿದ್ದ ಅವರು ವೀಬೊದಲ್ಲೂ ಅದೇ ದಾರಿ ಹಿಡಿದರು.

ಹೆಸರಾಂತರ ಖಾತೆಯನ್ನು ಪರಿಶೀಲಿಸಿ, ಅದು ಅಸಲಿ ಎಂದು ತೋರಿಸಲು ಹೆಸರಿನ ಪಕ್ಕದಲ್ಲಿ ‘ವಿ’ ಅಕ್ಷರದ ಗುರುತು ನೀಡುವ ಪದ್ಧತಿಯನ್ನು ವೀಬೊ ಆರಂಭದಲ್ಲೇ ಜಾರಿಗೆ ತಂದಿತು. ನಟಿ ಯಾವ್ ಚೆನ್ ‘ವೀಬೊದ ರಾಣಿ’ ಎಂದೇ ಹೆಸರಾದರು. ಹಿಂದೆ ಗೂಗಲ್ ಚೀನಾದ ಮುಖ್ಯಸ್ಥರಾಗಿದ್ದ ಕೈ-ಫು ಲೀ, ಬೀಜಿಂಗಿನ ಕಟ್ಟಡ ಉದ್ಯಮಿ ಪಾನ್ ಶಿಯಿ ಮೊದಲಾದವರಿಗೆ ದಿನಪತ್ರಿಕೆಗಳ ಪ್ರಸಾರ ಸಂಖ್ಯೆಯನ್ನು ಮೀರಿಸುವಷ್ಟು ಹಿಂಬಾಲಕರಾದರು. ಇಂಥವರನ್ನು ಜನ ‘ದೊಡ್ಡ ವಿ’ಗಳು ಎಂದು ಕರೆದರು.

ತಾಂತ್ರಿಕ ಕಾರಣಗಳೂ ಇದ್ದವು. ಟ್ವಿಟರಿನಂತೆ ವೀಬೊದಲ್ಲೂ ಒಂದು ಪೋಸ್ಟಿಗೆ 140 ಅಕ್ಷರಗಳ ಮಿತಿ ಇತ್ತು. ಆದರೆ ಚೀನೀ ಲಿಪಿಯಲ್ಲಿ ಒಂದೊಂದು ಅಕ್ಷರವೂ ಒಂದು ಪದವನ್ನೋ ಪದದ ಅರ್ಧ ಭಾಗವನ್ನೋ ಹೊತ್ತಿರುವುದರಿಂದ, ಆ ಮಿತಿಯೊಳಗೆ ಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನೇ ಬರೆದು ಮುಗಿಸಬಹುದು. ಕನ್ನಡದಲ್ಲಿ ಗುಣಿತಾಕ್ಷರದ ಸ್ವರಚಿಹ್ನೆಯನ್ನೂ ಒತ್ತಕ್ಷರದ ಭಾಗಗಳನ್ನೂ ಕಂಪ್ಯೂಟರು ಬೇರೆ ಬೇರೆಯಾಗಿ ಎಣಿಸುತ್ತದೆ. ಹಾಗಾಗಿ ಅಷ್ಟೇ ಮಿತಿಯಲ್ಲಿ ನಮಗೆ ಎರಡು ವಾಕ್ಯ ದಕ್ಕಿದರೆ ಹೆಚ್ಚು. ಇದಲ್ಲದೆ ಪೋಸ್ಟಿನ ಕೆಳಗೇ ಪ್ರತಿಕ್ರಿಯೆಗಳ ಸಾಲು, ಜೊತೆಗೇ ಚಿತ್ರ, ಮರುಹಂಚಿಕೆ ಮಾಡುವಾಗ ತನ್ನ ಮಾತನ್ನೂ ಸೇರಿಸುವ ಅನುಕೂಲ ಇವೆಲ್ಲವೂ ವೀಬೊದಲ್ಲಿ ಬಹುಬೇಗ ಬಂದವು. ಒಬ್ಬನ ಪೋಸ್ಟನ್ನು ಹತ್ತು ಮಂದಿ ಹಂಚಿ, ಆ ಹತ್ತರಲ್ಲಿ ಒಬ್ಬ ‘ದೊಡ್ಡ ವಿ’ ಇದ್ದರೆ, ಒಂದೆರಡು ಗಂಟೆಗಳಲ್ಲಿ ಅದು ಲಕ್ಷಾಂತರ ಜನರ ಕಣ್ಣಿಗೆ ಬೀಳುತ್ತಿತ್ತು. ವೀಬೊದ ನಿಜವಾದ ಬಲ ಬರವಣಿಗೆಯಲ್ಲಿರಲಿಲ್ಲ, ಈ ಮರುಹಂಚಿಕೆಯಲ್ಲಿತ್ತು.

ಆ ಬಲದ ಪೂರ್ಣ ಅರಿವಾದದ್ದು 2011ರ ಜುಲೈ 23ರ ರಾತ್ರಿ. ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ನಗರದ ಬಳಿ ಒಂದು ಹೈಸ್ಪೀಡ್ ರೈಲು ಮುಂದಿದ್ದ ಇನ್ನೊಂದು ರೈಲಿಗೆ ಹಿಂದಿನಿಂದ ಗುದ್ದಿ, ನಾಲ್ಕು ಬೋಗಿಗಳು ಸೇತುವೆಯಿಂದ ಕೆಳಗುರುಳಿದವು. 40 ಮಂದಿ ಸತ್ತರು. ಕೆಲವೇ ನಿಮಿಷಗಳಲ್ಲಿ ಬೋಗಿಯೊಳಗೆ ಸಿಕ್ಕಿಬಿದ್ದ ಪ್ರಯಾಣಿಕರು ವೀಬೊದಲ್ಲಿ ನೆರವಿಗಾಗಿ ಮೊರೆಯಿಟ್ಟರು. ಆ ಮೊರೆ ದೇಶದ ಉದ್ದಗಲಕ್ಕೂ ಹರಡಿತು. ಮರುದಿನ ಜೆಸಿಬಿಯಂತಹ ಯಂತ್ರಗಳು ಬೋಗಿಯ ಭಾಗಗಳನ್ನು ಒಡೆದು ಗುಂಡಿಯಲ್ಲಿ ಹೂಳುತ್ತಿರುವ ಚಿತ್ರಗಳು ಬಂದವು. ರಕ್ಷಣಾ ಕಾರ್ಯ ಮುಗಿಯಿತೆಂದು ಹೇಳಿದ ಮೇಲೆ, ಅಪಘಾತವಾಗಿ ಸುಮಾರು 21 ಗಂಟೆಗಳ ನಂತರ, ಒಂದು ಪುಟ್ಟ ಹೆಣ್ಣುಮಗು ಜೀವಂತವಾಗಿ ಸಿಕ್ಕಿತು. ರೈಲ್ವೆ ಸಚಿವಾಲಯದ ವಕ್ತಾರರು ಪತ್ರಿಕಾಗೋಷ್ಠಿಯಲ್ಲಿ, ಬೋಗಿಯನ್ನು ಹೂತದ್ದಕ್ಕೆ ಕೊಟ್ಟ ಕಾರಣವನ್ನು ನೀವು ನಂಬುತ್ತೀರೋ ಬಿಡುತ್ತೀರೋ, ನಾನಂತೂ ನಂಬುತ್ತೇನೆ ಎಂಬರ್ಥದ ಮಾತಾಡಿದರು. ಆ ಮಾತು ವೀಬೊದಲ್ಲಿ ದೇಶದ ದೊಡ್ಡ ನಗೆಪಾಟಲಾಯಿತು. ವಕ್ತಾರರು ಹುದ್ದೆ ಕಳೆದುಕೊಂಡರು. ಡಿಸೆಂಬರಿನಲ್ಲಿ ಬಂದ ಸರ್ಕಾರಿ ತನಿಖಾ ವರದಿಯು ಸಿಗ್ನಲ್ ಉಪಕರಣದ ವಿನ್ಯಾಸದ ಗಂಭೀರ ದೋಷವನ್ನೂ ಆಡಳಿತದ ವೈಫಲ್ಯವನ್ನೂ ಒಪ್ಪಿಕೊಂಡು 54 ಮಂದಿಯನ್ನು ಹೊಣೆಗಾರರನ್ನಾಗಿಸಿತು.

ಇದೇ ಅವಧಿಯಲ್ಲಿ ಬೀಜಿಂಗಿನ ಗಾಳಿಯ ಪ್ರಶ್ನೆಯೂ ವೀಬೊಗೆ ಬಂತು. ನಗರದಲ್ಲಿದ್ದ ಅಮೆರಿಕದ ರಾಯಭಾರ ಕಚೇರಿ ತನ್ನ ಯಂತ್ರದಿಂದ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳನ್ನು ಅಳೆದು ಪ್ರಕಟಿಸುತ್ತಿತ್ತು. ಚೀನಾದ ಅಧಿಕೃತ ಸೂಚ್ಯಂಕ ಆ ಕಣಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 2011ರ ಚಳಿಗಾಲದಲ್ಲಿ ಪಾನ್ ಶಿಯಿ ತಮ್ಮ ಖಾತೆಯಲ್ಲಿ ಈ ಅಳತೆಯನ್ನು ಕಡ್ಡಾಯ ಮಾಡಬೇಕೇ ಎಂದು ಜನಾಭಿಪ್ರಾಯ ಕೇಳಿದರು. ಮುಂದಿನ ವರ್ಷದ ಆರಂಭದಲ್ಲಿ ಸರ್ಕಾರ ಪಿಎಂ 2.5 ಅನ್ನು ರಾಷ್ಟ್ರೀಯ ಮಾನದಂಡಕ್ಕೆ ಸೇರಿಸಿತು. 2012ರ ಆಗಸ್ಟಿನಲ್ಲಿ ಶಾನ್‌ಶೀ ಪ್ರಾಂತ್ಯದ ಬಸ್ ದುರಂತದ ಸ್ಥಳದಲ್ಲಿ ನಗುತ್ತ ನಿಂತಿದ್ದ ಸುರಕ್ಷತಾ ಅಧಿಕಾರಿ ಯಾಂಗ್ ದಾಚಾಯ್ ಅವರ ಚಿತ್ರ ಹರಡಿದಾಗ, ಬಳಕೆದಾರರು ಅವರ ಹಳೆಯ ಫೋಟೊಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದರಲ್ಲೂ ಒಂದೊಂದು ದುಬಾರಿ ಕೈಗಡಿಯಾರವಿರುವುದನ್ನು ತೋರಿಸಿದರು. ವರ್ಷದ ನಂತರ ನ್ಯಾಯಾಲಯ ಭ್ರಷ್ಟಾಚಾರಕ್ಕಾಗಿ ಅವರಿಗೆ 14 ವರ್ಷಗಳ ಸೆರೆವಾಸ ವಿಧಿಸಿತು.

ಇಷ್ಟೊಂದು ಬಿಗಿಯಾದ ಆಡಳಿತದಲ್ಲಿ ಇದೆಲ್ಲ ನಡೆಯಲು ಬಿಟ್ಟಿದ್ದು ಹೇಗೆ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಭಾಗ ಆಡಳಿತದ ರಚನೆಯಲ್ಲಿದೆ. ಚೀನಾದ ಸ್ಥಳೀಯ ಪತ್ರಿಕೆಗಳು ಸ್ಥಳೀಯ ಪಕ್ಷ ಸಮಿತಿಯ ಹಿಡಿತದಲ್ಲಿರುತ್ತವೆ. ಜಿಲ್ಲೆಯ ಅಧಿಕಾರಿ ಬೇಡವೆಂದ ಸುದ್ದಿ ಜಿಲ್ಲೆಯ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಸಿನಾ ಬೀಜಿಂಗಿನ ಕಂಪನಿ. ಅದು ಬೀಜಿಂಗಿನ ನಿಯಂತ್ರಕರಿಗೆ ಉತ್ತರ ಹೇಳಬೇಕೇ ಹೊರತು ದೂರದ ಯಾವುದೋ ಕೌಂಟಿಯ ಅಧಿಕಾರಿಗಲ್ಲ. ಹೀಗಾಗಿ ಕೆಳಹಂತದ ಅಕ್ರಮ, ಭೂಕಬಳಿಕೆ, ಪೊಲೀಸ್ ದೌರ್ಜನ್ಯದ ಸುದ್ದಿಗಳು ವೀಬೊದಲ್ಲಿ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಕೆಳಗಿನವರು ತಮ್ಮಿಂದ ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಲು ಕೇಂದ್ರದ ನಾಯಕರಿಗೂ ಅದು ಉಪಯೋಗಕ್ಕೆ ಬರುತ್ತಿತ್ತು. ಟೀಕೆ ಕೇಂದ್ರದ ನಾಯಕರ ಹೆಸರಿನವರೆಗೆ ಬಾರದಿರುವಷ್ಟು ಕಾಲ ಈ ಏರ್ಪಾಡು ಎರಡೂ ಕಡೆಗೆ ಒಗ್ಗುತ್ತಿತ್ತು.

ಸೆನ್ಸಾರ್ ಇರಲೇ ಇಲ್ಲವೆಂದು ಇದರರ್ಥವಲ್ಲ. ವೀಬೊದ ಸೆನ್ಸಾರ್ ಹಲವು ಪದರಗಳಲ್ಲಿ ಕೆಲಸ ಮಾಡುತ್ತಿತ್ತು. ನಿಷಿದ್ಧ ಪದಗಳ ಪಟ್ಟಿಯೊಂದಿಗೆ ಹೋಲಿಸಿ ಯಂತ್ರವೇ ಕೆಲವು ಪೋಸ್ಟುಗಳನ್ನು ತಡೆಯುತ್ತಿತ್ತು. ಅನುಮಾನ ಬಂದವು ಸಿಬ್ಬಂದಿಯ ಪರಿಶೀಲನೆಗಾಗಿ ಕಾಯುತ್ತಿದ್ದವು. ಕೆಲವನ್ನು ಬರೆದವನು ಮಾತ್ರ ನೋಡಬಹುದಾಗಿತ್ತು. ತನ್ನ ಮಾತು ಯಾರಿಗೂ ತಲುಪಿಲ್ಲ ಎಂಬ ಸುಳಿವೂ ಅವನಿಗೆ ಸಿಗುತ್ತಿರಲಿಲ್ಲ. ಹುಡುಕಾಟದಲ್ಲಿ ಕೆಲವು ಹೆಸರುಗಳನ್ನು ಹಾಕಿದರೆ, ಕಾನೂನು ಮತ್ತು ನೀತಿಗಳ ಪ್ರಕಾರ ಫಲಿತಾಂಶ ತೋರಿಸಲಾಗದು ಎಂಬ ಸೂಚನೆ ಬರುತ್ತಿತ್ತು. ಸಂವೇದನಾಶೀಲ ವಿಷಯಗಳನ್ನು ಬರೆಯುವ ಸಾವಿರಾರು ಖಾತೆಗಳ ಮೇಲೆ ಕಣ್ಣಿಟ್ಟು 2013ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಳಿಸಿಹೋದ ಪೋಸ್ಟುಗಳಲ್ಲಿ ಶೇಕಡಾ 30ರಷ್ಟು ಮೊದಲ ಅರ್ಧ ಗಂಟೆಯಲ್ಲೇ, ಶೇಕಡಾ 90ರಷ್ಟು ಒಂದು ದಿನದೊಳಗೆ ಮಾಯವಾಗುತ್ತಿದ್ದವು. ಆದರೆ ಮರುಹಂಚಿಕೆಗೆ ಅರ್ಧ ಗಂಟೆಯೇ ಧಾರಾಳ. ಬಳಕೆದಾರರು ಬರಹವನ್ನು ಚಿತ್ರವಾಗಿಸಿ ಹಾಕುವುದು, ಸಮಾನ ಉಚ್ಚಾರಣೆಯ ಬೇರೆ ಅಕ್ಷರಗಳಲ್ಲಿ ಬರೆಯುವುದು ಮುಂತಾದ ಉಪಾಯಗಳನ್ನೂ ಕಲಿತಿದ್ದರು. ಅಂದರೆ ಅಳಿಸುವಿಕೆಯಿಂದ ಮಾತ್ರ ವೀಬೊವನ್ನು ಹತೋಟಿಗೆ ತರುವುದು ಸಾಧ್ಯವಿರಲಿಲ್ಲ. ಸರ್ಕಾರಕ್ಕೆ ಇದು ಬೇಗನೆ ಮನವರಿಕೆಯಾಯಿತು. ಅದು ಪೋಸ್ಟುಗಳನ್ನು ಬಿಟ್ಟು ಬರೆಯುವವರ ಕಡೆಗೆ ತಿರುಗಿತು.

ಮೊದಲು ಬಂದದ್ದು ನಿಜನಾಮದ ನಿಯಮ. 2011ರ ಡಿಸೆಂಬರಿನಲ್ಲಿ ಬೀಜಿಂಗ್ ನಗರಾಡಳಿತ ಹೊರಡಿಸಿದ ಆದೇಶದಂತೆ 2012ರ ಮಾರ್ಚ್ 16ರೊಳಗೆ ಎಲ್ಲ ಬಳಕೆದಾರರೂ ತಮ್ಮ ಗುರುತನ್ನು ನೋಂದಾಯಿಸಬೇಕಿತ್ತು. ಇದರ ಪಾಲನೆ ಅರೆಬರೆಯಾಗಿಯೇ ಉಳಿಯಿತು. ಅದೇ ಮಾರ್ಚಿನಲ್ಲಿ ಚೊಂಗ್‌ಚಿಂಗಿನ ಪ್ರಬಲ ನಾಯಕ ಬೊ ಶಿಲಾಯ್ ಪದಚ್ಯುತರಾದಾಗ ಬೀಜಿಂಗಿನ ಬೀದಿಗಳಲ್ಲಿ ಸೇನಾ ವಾಹನಗಳು ಕಾಣಿಸಿಕೊಂಡಿವೆ ಎಂಬ ವದಂತಿ ಹಬ್ಬಿತು. ಶಿಕ್ಷೆಯಾಗಿ ಸಿನಾ ಮತ್ತು ಟೆನ್ಸೆಂಟ್ ಎರಡೂ ಕಂಪನಿಗಳ ಕಿರು ಬ್ಲಾಗುಗಳಲ್ಲಿ ಮಾರ್ಚ್ 31ರಿಂದ ಮೂರು ದಿನ ಪ್ರತಿಕ್ರಿಯೆ ಬರೆಯುವ ಸೌಲಭ್ಯವನ್ನೇ ನಿಲ್ಲಿಸಲಾಯಿತು. ಮೇ ತಿಂಗಳಲ್ಲಿ ಸಿನಾ ಪ್ರತಿ ಬಳಕೆದಾರನಿಗೂ 80 ಅಂಕಗಳನ್ನು ಕೊಟ್ಟು, ತಪ್ಪಿಗೆ ತಕ್ಕಂತೆ ಅಂಕ ಕಳೆಯುತ್ತ ಹೋಗುವ ಪದ್ಧತಿಯನ್ನು ತಂದಿತು. ಇವೆಲ್ಲ ಕಿರಿಕಿರಿಗಳು; ಜನ ಸಹಿಸಿಕೊಂಡರು. ನಿಜವಾದ ಪೆಟ್ಟು ಬಿದ್ದದ್ದು 2013ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ.

ಶಿ ಜಿನ್‌ಪಿಂಗ್ ಅಧಿಕಾರಕ್ಕೆ ಬಂದ ಮೇಲೆ ಇಂಟರ್‌ನೆಟ್ಟಿನ ಹೊಣೆ ಲು ವೇಯ್ ಎಂಬ ಅಧಿಕಾರಿಯ ಕೈಗೆ ಬಂದಿತ್ತು. ಆಗಸ್ಟ್ 10ರಂದು ಅವರು ಹೆಸರಾಂತ ‘ದೊಡ್ಡ ವಿ’ಗಳನ್ನು ಬೀಜಿಂಗಿಗೆ ಕರೆಸಿ, ಯಾರೂ ದಾಟಬಾರದ ಏಳು ಗೆರೆಗಳನ್ನು ಸೌಜನ್ಯದಿಂದಲೇ ವಿವರಿಸಿದರು. ಆಗಸ್ಟ್ 22ರಂದು ಜಿನಾನ್ ನಗರದ ನ್ಯಾಯಾಲಯದಲ್ಲಿ ಬೊ ಶಿಲಾಯ್ ಅವರ ಭ್ರಷ್ಟಾಚಾರದ ವಿಚಾರಣೆ ಆರಂಭವಾಯಿತು. ಆರಿಸಿದ ಭಾಗಗಳನ್ನು ನ್ಯಾಯಾಲಯವೇ ತನ್ನ ವೀಬೊ ಖಾತೆಯಲ್ಲಿ ಪ್ರಕಟಿಸತೊಡಗಿತು. ಅದರ ಮರುದಿನ, 23ರಂದು, 1.2 ಕೋಟಿ ಹಿಂಬಾಲಕರಿದ್ದ ಹೂಡಿಕೆದಾರ ಚಾರ್ಲ್ಸ್ ಶುವೆ ವೇಶ್ಯಾವಾಟಿಕೆಯ ಆರೋಪದ ಮೇಲೆ ಬಂಧನಕ್ಕೊಳಗಾದರು. ಕೆಲವು ವಾರಗಳ ನಂತರ ಸರ್ಕಾರಿ ಟಿವಿಯಲ್ಲಿ ಅವರು ಕೈದಿಯ ಉಡುಪಿನಲ್ಲಿ ಕಾಣಿಸಿಕೊಂಡು, ಹಿಂಬಾಲಕರ ಸಂಖ್ಯೆ ತಮ್ಮ ತಲೆ ತಿರುಗಿಸಿತ್ತೆಂದೂ ಪರಿಶೀಲಿಸದೆ ಸುದ್ದಿ ಹಂಚಿದ್ದು ತಪ್ಪೆಂದೂ ಹೇಳಿದರು. ಆರೋಪ ಒಂದು, ತಪ್ಪೊಪ್ಪಿಗೆ ಇನ್ನೊಂದು. ವೀಬೊದ ಮೇಲೆ ಯಾರ ಹಿಡಿತ ಇರಬೇಕೆಂಬುದನ್ನು ಆ ಒಂದೇ ವಾರದ ಈ ಎರಡು ಘಟನೆಗಳು ತೋರಿಸಿದವು.

ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ಅಭಿಯೋಜನಾ ಸಂಸ್ಥೆ ಸೇರಿ ಒಂದು ಕಾನೂನು ವ್ಯಾಖ್ಯಾನವನ್ನು ಹೊರಡಿಸಿದವು. ಮಾನಹಾನಿಕರವಾದ ಸುಳ್ಳು ಮಾಹಿತಿಯುಳ್ಳ ಪೋಸ್ಟು 500 ಬಾರಿ ಮರುಹಂಚಿಕೆಯಾದರೆ, ಇಲ್ಲವೇ 5,000 ಬಾರಿ ವೀಕ್ಷಣೆಗೊಳಗಾದರೆ, ಬರೆದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು ಎಂಬುದು ಅದರ ಸಾರ. ಈ ನಿಯಮದ ಚಾತುರ್ಯವನ್ನು ಗಮನಿಸಬೇಕು. ಅಪರಾಧದ ಗಾತ್ರವನ್ನು ನಿರ್ಧರಿಸುವುದು ಬರೆದವನಲ್ಲ, ಓದಿ ಹಂಚಿದವರು. ಯಾವ ಮರುಹಂಚಿಕೆ ವೀಬೊವನ್ನು ಬೆಳೆಸಿತ್ತೋ ಅದೇ ಈಗ ಶಿಕ್ಷೆಯ ಅಳತೆಗೋಲಾಯಿತು. ಹಿಂಬಾಲಕರು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಮೊದಲು ಮೌನವಾದವರು ದೊಡ್ಡವರೇ. ಕೆಲವರು ಊಟ, ಪ್ರವಾಸ, ಆರೋಗ್ಯದ ಬಗ್ಗೆ ಬರೆಯತೊಡಗಿದರು, ಕೆಲವರು ಖಾತೆಯತ್ತ ಬರುವುದನ್ನೇ ಕಡಿಮೆ ಮಾಡಿದರು.

ದೊಡ್ಡವರ ಮೌನ ಇಡೀ ವ್ಯವಸ್ಥೆಯನ್ನು ಅಷ್ಟು ಬೇಗ ತಟ್ಟಲು ಇನ್ನೊಂದು ಕಾರಣವಿದೆ. ವೀಬೊ ಕೋಟ್ಯಂತರ ಜನರ ಧ್ವನಿ ಎಂಬುದು ಭಾಗಶಃ ಭ್ರಮೆಯಾಗಿತ್ತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಫು ಕಿಂಗ್-ವಾ ಮತ್ತು ಮೈಕೆಲ್ ಚಾವ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾದೃಚ್ಛಿಕವಾಗಿ ಆರಿಸಿದ ಖಾತೆಗಳ ಪೈಕಿ ಶೇಕಡಾ 57ರಷ್ಟರಲ್ಲಿ ಒಂದು ಪೋಸ್ಟೂ ಇರಲಿಲ್ಲ. ಬರೆಯುತ್ತಿದ್ದವರಲ್ಲೂ ಶೇಕಡಾ ಐದಕ್ಕಿಂತ ಕಡಿಮೆ ಮಂದಿ ಶೇಕಡಾ 80ಕ್ಕಿಂತ ಹೆಚ್ಚು ಸ್ವಂತ ಬರಹಗಳನ್ನು ಒದಗಿಸುತ್ತಿದ್ದರು. ಹಣಕ್ಕೆ ಮಾರಾಟವಾಗುತ್ತಿದ್ದ, ಹಿಂಬಾಲಕರ ಸಂಖ್ಯೆಯನ್ನು ಉಬ್ಬಿಸಲೆಂದೇ ಸೃಷ್ಟಿಯಾದ ನಿರ್ಜೀವ ಖಾತೆಗಳೂ ಅಸಂಖ್ಯವಾಗಿದ್ದವು. ಇಂಥ ಕಡೆ ಕೆಲವೇ ಸಾವಿರ ಮಂದಿ ಸುಮ್ಮನಾದರೆ ಉಳಿದವರಿಗೆ ಓದಲು ಹೆಚ್ಚೇನೂ ಉಳಿಯುವುದಿಲ್ಲ.

ಇನ್ನೊಂದೆಡೆ ವೀಚಾಟ್ ಬಂದಿತ್ತು. ಗುವಾಂಗ್‌ಝೌನಲ್ಲಿ ಝಾಂಗ್ ಶಿಯಾವ್‌ಲಾಂಗ್ ಅವರ ತಂಡ ಟೆನ್ಸೆಂಟಿಗಾಗಿ ಕಟ್ಟಿದ ಈ ಸಂದೇಶ ಕಳಿಸುವ ಆ್ಯಪ್ 2011ರ ಜನವರಿಯಲ್ಲಿ ಹೊರಬಂದು, ಎರಡೇ ವರ್ಷಗಳಲ್ಲಿ 30 ಕೋಟಿ ಬಳಕೆದಾರರನ್ನು ಪಡೆಯಿತು. 2012ರ ಏಪ್ರಿಲಿನಲ್ಲಿ ಗೆಳೆಯರ ವಲಯ, ಆಗಸ್ಟಿನಲ್ಲಿ ಲೇಖನ ಪ್ರಕಟಿಸುವ ಸಾರ್ವಜನಿಕ ಖಾತೆಗಳು ಅದಕ್ಕೆ ಸೇರಿದವು. ವೀಬೊ ಊರ ಅರಳಿಕಟ್ಟೆಯಾಗಿದ್ದರೆ ವೀಚಾಟ್ ಮನೆಯ ಪಡಸಾಲೆ. ಗೆಳೆಯರ ವಲಯದಲ್ಲಿ ಬರೆದದ್ದು ಪರಿಚಿತರಿಗೆ ಮಾತ್ರ ಕಾಣುತ್ತದೆ. ಅದರ ಕೆಳಗಿನ ಪ್ರತಿಕ್ರಿಯೆಗಳು ಪರಸ್ಪರ ಗೆಳೆಯರಲ್ಲದವರಿಗೆ ಕಾಣುವುದಿಲ್ಲ. ಎಷ್ಟು ಬಾರಿ ಹಂಚಲಾಯಿತು ಎಂಬ ಲೆಕ್ಕವೂ ಹೊರಗೆ ತೋರುವುದಿಲ್ಲ. ಅಪರಿಚಿತರ ನಡುವೆ ಕಿಡಿ ಹಾರುವ ಅವಕಾಶವನ್ನು ಅದರ ವಿನ್ಯಾಸವೇ ಕಡಿಮೆ ಮಾಡಿತ್ತು.

ವೀಬೊವನ್ನು ಸೊರಗಿಸಿದ್ದು ಸೆನ್ಸಾರೋ ವೀಚಾಟೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಕಂಪನಿಯ ಪರವಾಗಿ ಮಾತಾಡುವವರು ಸ್ಪರ್ಧೆಯನ್ನು ಮುಂದೆ ಮಾಡುತ್ತಾರೆ, ಹೊರಗಿನ ಪತ್ರಕರ್ತರು ದಮನವನ್ನು. ನನಗೆ ತೋರುವಂತೆ ಇವೆರಡೂ ಬೇರೆ ಬೇರೆ ಜನರನ್ನು ವೀಬೊದಿಂದ ಹೊರಗೊಯ್ದವು. ಗೆಳೆಯರೊಡನೆ ಹರಟುವವರು ಹೇಗಿದ್ದರೂ ವೀಚಾಟಿಗೆ ಹೋಗುತ್ತಿದ್ದರು, ಏಕೆಂದರೆ ವೀಬೊ ಹರಟೆಗೆಂದು ಕಟ್ಟಿದ್ದೇ ಅಲ್ಲ. ಆದರೆ ವಕೀಲರು, ಪ್ರಾಧ್ಯಾಪಕರು, ತನಿಖಾ ವರದಿಗಾರರಿಗೆ ಬೇಕಾಗಿದ್ದುದು ಅಪರಿಚಿತ ಓದುಗರು. ಪಡಸಾಲೆಯಲ್ಲಿ ಅವರು ಸಿಗುವುದಿಲ್ಲ. ಇವರು ತಾವಾಗಿ ಹೋದವರಲ್ಲ, ಹೊರದಬ್ಬಿಸಿಕೊಂಡವರು.

ಪ್ರತಿಸ್ಪರ್ಧಿ ಕಿರು ಬ್ಲಾಗುಗಳ ಗತಿಯನ್ನು ಚುಟುಕಾಗಿ ಹೇಳಬಹುದು. ಕಿರು ಬ್ಲಾಗಿಗೆ ಚೀನೀ ಭಾಷೆಯಲ್ಲಿ ವೀಬೊ ಎಂದೇ ಹೆಸರಾದ್ದರಿಂದ ಟೆನ್ಸೆಂಟ್, ಸೋಹು, ನೆಟ್‌ಈಸ್ ಕಂಪನಿಗಳೂ 2010ರಲ್ಲಿ ಅದೇ ಹೆಸರಿನ ಸೇವೆಗಳನ್ನು ತೆರೆದಿದ್ದವು. ನೆಟ್‌ಈಸ್ 2014ರಲ್ಲಿ ಕೈಬಿಟ್ಟಿತು. ಟೆನ್ಸೆಂಟ್ ಅದೇ ವರ್ಷ ತನ್ನ ವೀಬೊ ವಿಭಾಗವನ್ನು ವಿಸರ್ಜಿಸಿ, 2020ರ ಸೆಪ್ಟೆಂಬರಿನಲ್ಲಿ ಸೇವೆಯನ್ನು ಪೂರ್ತಿ ಮುಚ್ಚಿತು. ಸಿನಾ 2014ರ ಮಾರ್ಚಿನಲ್ಲಿ ತನ್ನ ಸೇವೆಯ ಹೆಸರಿನಿಂದ ‘ಸಿನಾ’ವನ್ನು ತೆಗೆದು ಬರೀ ವೀಬೊ ಎಂದು ಉಳಿಸಿಕೊಂಡಿತು.

ಇನ್ನು ಹಣದ ವಿಷಯ. ಚರ್ಚೆಯ ಉಚ್ಛ್ರಾಯ ಕಾಲದಲ್ಲಿ ವೀಬೊ ನಷ್ಟದಲ್ಲಿ ನಡೆಯುತ್ತಿತ್ತು. ರೈಲು ದುರಂತ, ಮನೆ ಉರುಳಿಸಿದ ಸುದ್ದಿಗಳ ಪಕ್ಕದಲ್ಲಿ ಶಾಂಪೂ ಜಾಹೀರಾತು ಹಾಕಲು ಯಾರೂ ಮುಂದೆ ಬರುವುದಿಲ್ಲ. 2013ರ ಏಪ್ರಿಲಿನಲ್ಲಿ ಆನ್‌ಲೈನ್ ವ್ಯಾಪಾರದ ಕಂಪನಿ ಅಲಿಬಾಬಾ 58.6 ಕೋಟಿ ಡಾಲರ್ ಕೊಟ್ಟು ಶೇಕಡಾ 18ರಷ್ಟು ಪಾಲು ಕೊಂಡಿತು; ಮುಂದೆ ಅದನ್ನು ಶೇಕಡಾ 30ಕ್ಕೆ ಏರಿಸಿತು. ಅಂದಿನಿಂದ ವೀಬೊದ ಗುರಿ ಬದಲಾಯಿತು. ದೊಡ್ಡ ನಗರಗಳ ಬುದ್ಧಿಜೀವಿಗಳನ್ನು ಬಿಟ್ಟು ಸಣ್ಣ ನಗರಗಳ ಯುವಜನರ ಕಡೆಗೆ, ರಾಜಕೀಯವನ್ನು ಬಿಟ್ಟು ಸಿನಿಮಾ, ಸೌಂದರ್ಯ ಸಾಧನ, ಅಡುಗೆ, ಆಟಗಳ ಕಡೆಗೆ ಅದು ಹೊರಳಿತು. ಕಿರು ವಿಡಿಯೊ ಮತ್ತು ನೇರಪ್ರಸಾರವನ್ನು ತಂದಿತು. 2016ರ ಆರಂಭದಲ್ಲಿ 140 ಅಕ್ಷರಗಳ ಮಿತಿಯನ್ನು ಸಡಿಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದರ ಮಾರುಕಟ್ಟೆ ಮೌಲ್ಯ ಟ್ವಿಟರಿನದನ್ನು ಸ್ವಲ್ಪ ಕಾಲ ಮೀರಿಸಿತು. 2017ರ ಮಾರ್ಚ್ ಅಂತ್ಯಕ್ಕೆ ತಿಂಗಳಿಗೆ 34 ಕೋಟಿ ಬಳಕೆದಾರರನ್ನು ಹೊಂದಿ ಆ ಲೆಕ್ಕದಲ್ಲೂ ಮುಂದೆ ಹೋಯಿತು. 2013ರಲ್ಲಿ 18.8 ಕೋಟಿ ಡಾಲರ್ ಇದ್ದ ವಾರ್ಷಿಕ ಆದಾಯ 2018ರಲ್ಲಿ 172 ಕೋಟಿ ಡಾಲರ್ ಆಯಿತು. ಜಾಹೀರಾತುದಾರರಿಗೆ ಬೇಕಾದ ನಿರಪಾಯದ ವಾತಾವರಣವನ್ನು ಸರ್ಕಾರವೇ ನಿರ್ಮಿಸಿಕೊಟ್ಟಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಈ ಎರಡನೆಯ ಏರಿಕೆಯ ಕೇಂದ್ರದಲ್ಲಿದ್ದುದು ‘ಬಿಸಿ ಹುಡುಕಾಟ’ ಎಂಬ, ಜನ ಆ ಹೊತ್ತಿನಲ್ಲಿ ಅತಿ ಹೆಚ್ಚು ಹುಡುಕುವ 50 ವಿಷಯಗಳ ಪಟ್ಟಿ ಮತ್ತು ತಾರೆಯರ ಅಭಿಮಾನಿ ಸಂಘಗಳು. 2017ರ ಅಕ್ಟೋಬರಿನಲ್ಲಿ ಗಾಯಕ ಲು ಹಾನ್ ತಮಗೊಬ್ಬ ಗೆಳತಿ ಇದ್ದಾಳೆಂದು ಬರೆದಾಗ ಬಂದ ಜನಪ್ರವಾಹಕ್ಕೆ ವೀಬೊದ ಸರ್ವರುಗಳೇ ಕೈಕೊಟ್ಟವು. ತಮ್ಮ ತಾರೆ ಪಟ್ಟಿಯಲ್ಲಿ ಮೇಲಿರಬೇಕೆಂದು ಅಭಿಮಾನಿಗಳು ಹಗಲಿರುಳು ಮರುಹಂಚಿಕೆ ಮಾಡತೊಡಗಿದರು, ಆಮೇಲೆ ಅದಕ್ಕೂ ಯಂತ್ರ ಬಂತು. 2018ರಲ್ಲಿ ಗಾಯಕ ಚಾಯ್ ಶೂಕುನ್ ಅವರ ಒಂದು ಪೋಸ್ಟು 10 ಕೋಟಿ ಬಾರಿ ಮರುಹಂಚಿಕೆಯಾಯಿತು. ವೀಬೊದ ಪ್ರತಿ ಮೂವರಲ್ಲಿ ಒಬ್ಬರು ಹಂಚಿದಂತಾಯಿತಲ್ಲ ಎಂದು ಸರ್ಕಾರಿ ಟಿವಿ ಪ್ರಶ್ನಿಸಿತು. ಹಣ ಪಡೆದು ನಕಲಿ ಖಾತೆಗಳಿಂದ ಹಂಚಿಸುವ ಆ್ಯಪ್ ಒಂದು ಇದರ ಹಿಂದಿತ್ತೆಂದು ತಿಳಿದುಬಂದು, ಅದನ್ನು ನಡೆಸುತ್ತಿದ್ದವನ ಬಂಧನವಾಯಿತು. ಹಂಚಿಕೆಗಳ ಸಂಖ್ಯೆ 10 ಲಕ್ಷ ದಾಟಿದರೆ ನಿಖರ ಅಂಕಿಯನ್ನು ತೋರಿಸುವುದಿಲ್ಲ ಎಂದು ವೀಬೊ 2019ರಲ್ಲಿ ನಿಯಮ ಮಾಡಿತು. ಐದೇ ವರ್ಷಗಳ ಹಿಂದೆ 500 ಮರುಹಂಚಿಕೆಗೆ ಜೈಲಿನ ಭಯವಿದ್ದ ವೇದಿಕೆ ಇದು.

ಮನರಂಜನೆಯೂ ನಿಯಂತ್ರಕರ ಕಣ್ಣು ತಪ್ಪಿಸಿಕೊಳ್ಳಲಿಲ್ಲ. 2018ರ ಜನವರಿಯ ಕೊನೆಯಲ್ಲಿ ಅಶ್ಲೀಲತೆ ಮತ್ತು ತಪ್ಪು ದಾರಿಗೆಳೆಯುವ ವಿಷಯಗಳ ಆರೋಪದ ಮೇಲೆ ಬಿಸಿ ಹುಡುಕಾಟದ ಪಟ್ಟಿ ಒಂದು ವಾರ ಸ್ಥಗಿತವಾಯಿತು. ಮರಳಿ ಬಂದಾಗ ಅದರ ನೆತ್ತಿಯ ಮೇಲೆ ಪಕ್ಷದ ಸುದ್ದಿಗೆಂದೇ ಒಂದು ಸ್ಥಾನ ಮೀಸಲಾಗಿತ್ತು. 2020ರ ಜೂನ್ ತಿಂಗಳಲ್ಲಿ ಮತ್ತೆ ಒಂದು ವಾರ ಅದೇ ಶಿಕ್ಷೆ. ಆ ವರ್ಷವೇ ಸರ್ಕಾರಕ್ಕೆ ಸೇರಿದ ಸಂಸ್ಥೆಯೊಂದು ವೀಬೊದ ಬೀಜಿಂಗ್ ಅಂಗಸಂಸ್ಥೆಯಲ್ಲಿ ಶೇಕಡಾ 1ರಷ್ಟು ಪಾಲು ಪಡೆಯಿತು. ಪಾಲು ಚಿಕ್ಕದಾದರೂ ಅದರ ಜೊತೆಗೆ ಆಡಳಿತ ಮಂಡಳಿಯಲ್ಲಿ ಸ್ಥಾನವೂ ಬರುತ್ತದೆ. 2021ರ ಬೇಸಿಗೆಯಲ್ಲಿ ಅಭಿಮಾನಿ ಸಂಘಗಳ ವಿರುದ್ಧ ಶುದ್ಧೀಕರಣ ಅಭಿಯಾನ ನಡೆದು, ತಾರೆಯರ ಶ್ರೇಯಾಂಕ ಪಟ್ಟಿಯೇ ರದ್ದಾಯಿತು. ಆದಾಯದ ಮೂಲಕ್ಕೇ ಬಿದ್ದ ಪೆಟ್ಟು ಇದು. ಅಷ್ಟರಲ್ಲಿ ಟಿಕ್‌ಟಾಕಿನ ಚೀನೀ ರೂಪವಾದ ಡೌಯಿನ್ ಕಿರು ವಿಡಿಯೊ ನೋಡುವವರನ್ನೂ ಶಿಯಾವ್‌ಹೊಂಗ್‌ಶು ಎಂಬ ಇನ್ನೊಂದು ಆ್ಯಪ್ ಸೌಂದರ್ಯ ಮತ್ತು ಪ್ರವಾಸದ ಓದುಗರನ್ನೂ ತಮ್ಮೆಡೆಗೆ ಸೆಳೆದುಕೊಂಡಿದ್ದವು. 2021ರಲ್ಲಿ 226 ಕೋಟಿ ಡಾಲರ್ ಮುಟ್ಟಿದ್ದ ಆದಾಯ 2023ಕ್ಕೆ 176 ಕೋಟಿಗೆ ಇಳಿಯಿತು. ಷೇರಿನ ಬೆಲೆ ಮೊದಲ ದಿನದ 17 ಡಾಲರಿಗಿಂತ ಕೆಳಗೆ ಹೋಯಿತು. ಬಳಕೆದಾರರ ಸಂಖ್ಯೆ ಮಾತ್ರ 2023ರಲ್ಲೂ ತಿಂಗಳಿಗೆ 60 ಕೋಟಿಯ ಆಸುಪಾಸಿನಲ್ಲೇ ಇತ್ತು.

ಭಾರತಕ್ಕೂ ಈ ಕಥೆಯಲ್ಲಿ ಚಿಕ್ಕ ಪಾತ್ರವಿದೆ. ಪ್ರಧಾನಿ ನರೇಂದ್ರ ಮೋದಿ 2015ರ ಮೇ ತಿಂಗಳಲ್ಲಿ ಚೀನಾ ಪ್ರವಾಸಕ್ಕೆ ಮುನ್ನ ತೆರೆದಿದ್ದ ವೀಬೊ ಖಾತೆಯನ್ನು, ಗಲ್ವಾನ್ ಸಂಘರ್ಷದ ನಂತರ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಬೊವೂ ಸೇರಿದಾಗ, 2020ರ ಜುಲೈ 1ರಂದು ಖಾಲಿ ಮಾಡಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ ಅವರ ‘ಕೂ’ ಎಂಬ ಕಿರು ಬ್ಲಾಗ್ ಮೊದಲು ಕನ್ನಡದಲ್ಲೇ ಆರಂಭವಾಯಿತು. ಟ್ವಿಟರ್ ಮತ್ತು ಕೇಂದ್ರ ಸರ್ಕಾರದ ಜಟಾಪಟಿಯ ಹೊತ್ತಿನಲ್ಲಿ ಸಚಿವರೂ ಇಲಾಖೆಗಳೂ ಅದಕ್ಕೆ ಬಂದರು. ಆದರೂ 2024ರ ಜುಲೈನಲ್ಲಿ ಅದು ಮುಚ್ಚಿತು. ಸಿನಾಗೆ ಗೋಡೆಯಿಂದ ಸುತ್ತುವರಿದ ಮಾರುಕಟ್ಟೆಯೂ ಒಂದೇ ಲಿಪಿಯ ಓದುಗರೂ ಇದ್ದರು. ಕೂಗೆ ಎದುರಿನಲ್ಲಿ ಟ್ವಿಟರ್ ಇದ್ದೇ ಇತ್ತು. ಸರ್ಕಾರದ ಒಲವು ಖಾತೆಗಳನ್ನು ತರಬಲ್ಲದು, ಜಾಹೀರಾತನ್ನಲ್ಲ.

ಚರ್ಚೆಯ ವೇದಿಕೆಯಾಗಿ ವೀಬೊ ಪೂರ್ತಿ ಸತ್ತಿದೆ ಎನ್ನುವುದೂ ಸರಿಯಲ್ಲ. ವೂಹಾನಿನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ಹೊಸ ಸೋಂಕಿನ ಬಗ್ಗೆ ಸಹೋದ್ಯೋಗಿಗಳನ್ನು ಎಚ್ಚರಿಸಿದ್ದಕ್ಕಾಗಿ ಪೊಲೀಸರಿಂದ ಛೀಮಾರಿ ಹಾಕಿಸಿಕೊಂಡಿದ್ದ ಪತ್ರವನ್ನು 2020ರ ಜನವರಿ 31ರಂದು ವೀಬೊದಲ್ಲೇ ಪ್ರಕಟಿಸಿದರು. ಫೆಬ್ರವರಿ 7ರಂದು ಅವರು ತೀರಿಕೊಂಡಾಗ ವಾಕ್‌ ಸ್ವಾತಂತ್ರ್ಯ ಬೇಕೆಂಬ ಹ್ಯಾಶ್‌ಟ್ಯಾಗ್ ಕೆಲವು ಗಂಟೆಗಳ ಕಾಲ ಉರಿದು ಅಳಿಸಿಹೋಯಿತು. ಅವರ ಕೊನೆಯ ಪೋಸ್ಟಿನ ಕೆಳಗೆ ಮಾತ್ರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಸೇರಿದವು. ಹೊಸ ಕೆಲಸ ಸಿಕ್ಕಿತೆಂದೂ ನಿದ್ದೆ ಬರುತ್ತಿಲ್ಲವೆಂದೂ ಜನ ಅವರಿಗೆ ಬರೆಯುತ್ತ ಹೋದರು. 2021ರ ನವೆಂಬರಿನಲ್ಲಿ ಟೆನಿಸ್ ಆಟಗಾರ್ತಿ ಪೆಂಗ್ ಶುವಾಯ್ ಮಾಜಿ ಉಪಪ್ರಧಾನಿಯ ಮೇಲೆ ಆರೋಪ ಹೊರಿಸಿ ಬರೆದದ್ದು ಸುಮಾರು ಅರ್ಧ ಗಂಟೆಯಲ್ಲಿ ಮಾಯವಾದರೂ, ಅಷ್ಟರಲ್ಲೇ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ದಾರಿ ಇನ್ನೂ ಪೂರ್ತಿ ಮುಚ್ಚಿಲ್ಲ. ಆದರೆ ತೆರೆದಿರುವ ಸಮಯ ಗಂಟೆಗಳಿಂದ ನಿಮಿಷಗಳಿಗೆ ಇಳಿದಿದೆ.

2022ರ ಏಪ್ರಿಲಿನಿಂದ ಪ್ರತಿ ಪೋಸ್ಟಿನ ಜೊತೆಗೂ ಬರೆದವರು ಯಾವ ಪ್ರಾಂತ್ಯದಲ್ಲಿ, ಯಾವ ದೇಶದಲ್ಲಿ ಇದ್ದಾರೆಂಬುದು ಕಾಣಿಸುತ್ತದೆ. 2023ರ ಅಕ್ಟೋಬರಿನಲ್ಲಿ, ಐದು ಲಕ್ಷಕ್ಕಿಂತ ಹೆಚ್ಚು ಹಿಂಬಾಲಕರಿದ್ದು ರಾಜಕೀಯ, ಹಣಕಾಸು ಮುಂತಾದ ವಿಷಯಗಳನ್ನು ಬರೆಯುವ ಖಾತೆಗಳು ತಮ್ಮ ನಿಜವಾದ ಹೆಸರನ್ನು ಎಲ್ಲರಿಗೂ ಕಾಣುವಂತೆ ತೋರಿಸಬೇಕೆಂದು ವೀಬೊ ಪ್ರಕಟಿಸಿತು. ಜಾರಿ ಹತ್ತು ಲಕ್ಷ ದಾಟಿದವರಿಂದ ಆರಂಭವಾಯಿತು. ಆಗ ಕೆಲವರು ಖಾತೆಯನ್ನು ತೊರೆದರು. ಇನ್ನು ಕೆಲವರು ಆ ಮಿತಿಯ ಕೆಳಗೆ ಉಳಿಯಲೆಂದು ವರ್ಷಗಟ್ಟಲೆ ಕೂಡಿಸಿಕೊಂಡಿದ್ದ ಹಿಂಬಾಲಕರನ್ನು ತಾವೇ ಕೈಯಾರೆ ತೆಗೆದುಹಾಕತೊಡಗಿದರು.